ಬೆಳಕಿನ ಇಕ್ಕಳ

ಹಂಚಿನ ಮಾಡಿನ ಸಂದಿನಿಂದ ಒಳಮನೆಯ ಕತ್ತಲೆಗೆ ಇಳಿದುಬರುವ ಬೆಳಕಿನ ಗೆರೆಗೆ ನಮ್ಮ ಹಿರಿಯರು ಬಿಸಿಲುಕೋಲು ಎಂದು ಹೆಸರಿಟ್ಟರು. ಕೋಲು ಎಂದಮೇಲೆ ಅದರಿಂದ ಏನನ್ನಾದರೂ ತಳ್ಳಲು ಬರಬೇಕಷ್ಟೆ? ಸಂಸ್ಕೃತದಲ್ಲಿ ಕಿರಣಕ್ಕಿರುವ ರಶ್ಮಿ ಎಂಬ ಹೆಸರಿಗೆ ಹಗ್ಗ, ಕುದುರೆಯ ಲಗಾಮು ಎಂಬ ಅರ್ಥಗಳೂ ಉಂಟು. ಒಂದು ಭಾಷೆ ಬೆಳಕನ್ನು ಕೋಲೆಂದಿತು, ಮತ್ತೊಂದು ಹಗ್ಗವೆಂದಿತು. ತಳ್ಳುವುದಕ್ಕೆ ಕೋಲು, ಎಳೆಯುವುದಕ್ಕೆ ಹಗ್ಗ. ಇವೆರಡೂ ಬರಿಯ ಕವಿಸಮಯವಾಗಿ ಉಳಿದಿಲ್ಲ, ಪ್ರಯೋಗಶಾಲೆಯ ಮೇಜಿನ ಮೇಲೆ ನಿಜವಾಗಿವೆ ಎಂಬ ಮಾತನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಬೆಳಕಿನ ಮಾತೆತ್ತಿದರೆ ಅದು ಹೋದಲ್ಲೆಲ್ಲ ಬೆನ್ನಿಗೆ ಕಟ್ಟಿಕೊಂಡು ಹೋಗುವ ಬಿಸಿಯ ಮಾತೂ ಬರಲೇಬೇಕು. ನಿಜ ಹೇಳುವುದಾದರೆ ನನ್ನ ಕಥೆಯಲ್ಲಿ ತೊಡಕೆಲ್ಲ ಹುಟ್ಟುವುದು ಈ ಬಿಸಿಯಿಂದಲೇ.

ಬಿಸಿಲುಕೋಲಿನಲ್ಲಿ ಹೊಳೆಯುತ್ತ ಏಳುಬೀಳಾಡುವ ಧೂಳಿನ ಕಣಕ್ಕೆ ಮನುಸ್ಮೃತಿ ತ್ರಸರೇಣು ಎಂದು ಹೆಸರು ಕೊಟ್ಟಿದೆ; ಜಾಲಂಧ್ರದ ಬಿಸಿಲಿನಲ್ಲಿ ಕಾಣುವ ಆ ರೇಣುವೇ ಅಲ್ಲಿ ತೂಕದ ಅಳತೆಗಳಿಗೆಲ್ಲ ಮೊದಲು. ತ್ರಸವೆಂದರೆ ನಡುಗುವಂಥದು, ಚಲಿಸುವಂಥದು. ಆದರೆ ಆ ಕಣವನ್ನು ಕುಣಿಸುತ್ತಿರುವುದು ಮನೆಯೊಳಗಿನ ಗಾಳಿಯೇ ಹೊರತು ಬೆಳಕಲ್ಲ. ಬೆಳಕೂ ಅದನ್ನು ತಳ್ಳುತ್ತಿರುತ್ತದೆ ನಿಜ. ಆ ತಳ್ಳುವಿಕೆ ಎಷ್ಟೆಂದು ಲೆಕ್ಕ ಹಾಕಿದರೆ ನಗು ಬಂದೀತು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿನ ಕಪ್ಪು ಹಾಸಿನ ಮೇಲೆ ಬಿದ್ದರೆ ಅದರ ಒತ್ತು ಅರ್ಧ ಮಿಲಿಗ್ರಾಮಿನ ಭಾರಕ್ಕೂ ಸಮನಾಗದು. ಅಂಗಳದಲ್ಲಿ ಹರಡಿದ ಒಂದು ಚಾಪೆ ಭತ್ತದ ಮೇಲೆ ಸೂರ್ಯನು ಹೇರುವ ಭಾರ ಅದೇ ಭತ್ತದ ಒಂದು ಕಾಳಿನ ಸಣ್ಣ ಚೂರಿನಷ್ಟು, ಅಷ್ಟೇ.

ಇಷ್ಟು ಅಲ್ಪವಾದ ಬಲವನ್ನು ಊಹಿಸಿದವರು ಇದ್ದರೆಂಬುದೇ ಸೋಜಿಗ. ಧೂಮಕೇತುವಿನ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುವುದನ್ನು ಕಂಡು, ಬಿಸಿಲು ಅದನ್ನು ಆಚೆಗೆ ತಳ್ಳುತ್ತಿರಬೇಕೆಂದು ೧೭ನೆಯ ಶತಮಾನದ ಆರಂಭದಲ್ಲಿಯೇ ಕೆಪ್ಲರ್ ಸೂಚಿಸಿದ. ೧೮೭೩ರಲ್ಲಿ ಮ್ಯಾಕ್ಸ್‌ವೆಲ್ ತನ್ನ ಸಮೀಕರಣಗಳಿಂದ ಬೆಳಕಿಗೆ ಒತ್ತಡವಿರಲೇಬೇಕೆಂದು ತೋರಿಸಿದ. ಅದನ್ನು ಅಳೆದು ತೋರಿಸಲು ಮತ್ತೂ ಕಾಲು ಶತಮಾನ ಹಿಡಿಯಿತು.

ನಮ್ಮ ಎರ್ಮಾಳಿನ ಕಡಲತೀರದಲ್ಲಿ ರಾತ್ರಿ ನಿಂತು ಬಡಗು ದಿಕ್ಕಿಗೆ ಕಣ್ಣು ಹಾಯಿಸಿದರೆ ಕಾಪುವಿನ ದೀಪಸ್ತಂಭದ ಬೆಳಕು ನೀರಿನ ಮೇಲೆ ಬೀಸಿ ಹೋಗುವುದು ಕಾಣುತ್ತದೆ. ಬಂಡೆಯ ಮೇಲಿನ ಆ ಸ್ತಂಭ ಎದ್ದದ್ದು ೧೯೦೧ರಲ್ಲಿ. ಮಾಸ್ಕೋದ ಪ್ಯೋತರ್ ಲೆಬೆದೆವ್ ಎಂಬ ವಿಜ್ಞಾನಿ ಬೆಳಕಿನ ಒತ್ತಡವನ್ನು ಅಳೆದ ತನ್ನ ಪ್ರಯೋಗವನ್ನು ವಿವರವಾಗಿ ಪ್ರಕಟಿಸಿದ್ದೂ ಅದೇ ೧೯೦೧ರಲ್ಲಿ. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಬಲ್ಲೆ. ಆದರೂ ಆ ದೀಪ ಬೀಸಿದಾಗಲೆಲ್ಲ, ಕತ್ತಲೆಯಲ್ಲಿ ಮೀನಿಗೆ ಹೋದ ದೋಣಿಗಳಿಗೆ ದಾರಿ ತೋರಿಸುವುದರ ಜೊತೆಗೆ ಅವನ್ನು ಕೂದಲೆಳೆಯ ಕೋಟಿಯ ಒಂದು ಪಾಲಿನಷ್ಟು ತಳ್ಳಿಯೂ ತಳ್ಳುತ್ತಿದೆಯಲ್ಲ ಎಂದು ನೆನೆದು ನನಗೆ ನಾನೇ ನಕ್ಕದ್ದುಂಟು.

ಲೆಬೆದೆವ್‌ನಿಗೆ ಅಷ್ಟು ಕಷ್ಟವಾದದ್ದೇಕೆ? ಬಿಸಿಯಿಂದ. ಅವನಿಗೂ ಮುಂಚೆ, ೧೮೭೦ರ ದಶಕದಲ್ಲಿ, ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್ ಒಂದು ಚೆಲುವಾದ ಆಟಿಕೆಯನ್ನು ಮಾಡಿದ್ದ. ಗಾಳಿಯನ್ನು ಬಹುಮಟ್ಟಿಗೆ ಹೀರಿ ತೆಗೆದ ಗಾಜಿನ ಬುರುಡೆ. ಅದರೊಳಗೆ ಸೂಜಿಯ ಮೊನೆಯ ಮೇಲೆ ನಾಲ್ಕು ಹಾಳೆಗಳ ಗಿರಿಗಿಟ್ಟೆ. ಪ್ರತಿ ಹಾಳೆಯ ಒಂದು ಮುಖ ಕಪ್ಪು, ಇನ್ನೊಂದು ಬೆಳ್ಳಗೆ. ಬಿಸಿಲಿಗಿಟ್ಟರೆ ಗರಗರನೆ ತಿರುಗುತ್ತದೆ. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಅದನ್ನು ನೀವೂ ನೋಡಿದ್ದೀರಿ. ಬೆಳಕು ತಳ್ಳುತ್ತಿದೆ ನೋಡಿ ಎಂದು ಲೋಕ ಸಂಭ್ರಮಿಸಿತು. ಆದರೆ ಬೆಳಕಿನ ಒತ್ತಡವೇ ಕಾರಣವಾಗಿದ್ದರೆ, ಕಿರಣವನ್ನು ಹಿಂದಕ್ಕೆ ಎಸೆಯುವ ಬಿಳಿಯ ಮುಖಕ್ಕೆ ಹೆಚ್ಚು ಒತ್ತು ಬೀಳಬೇಕು. ಗಿರಿಗಿಟ್ಟೆ ಈಗ ತಿರುಗುವುದಕ್ಕೆ ತದ್ವಿರುದ್ಧವಾಗಿ ತಿರುಗಬೇಕು! ಅದನ್ನು ತಿರುಗಿಸುತ್ತಿದ್ದುದು ಕಾದ ಕಪ್ಪು ಮುಖದ ಬಳಿ ಉಳಿದುಕೊಂಡಿದ್ದ ಒಂದಿಷ್ಟು ಗಾಳಿ. ಬೆಳಕಿನ ವೇಷ ಹಾಕಿಕೊಂಡು ರಂಗಸ್ಥಳದಲ್ಲಿ ಕುಣಿದದ್ದು ಬಿಸಿ. ಲೆಬೆದೆವ್ ತೀರ ತೆಳುವಾದ ಹಾಳೆಗಳನ್ನು ಬಳಸಿ, ಗಾಳಿಯನ್ನು ಇನ್ನೂ ಆಳಕ್ಕೆ ಹೀರಿ, ಈ ವೇಷಧಾರಿಯನ್ನು ಚೌಕಿಗೆ ಅಟ್ಟಿದಮೇಲೆಯೇ ನಿಜವಾದ ಪಾತ್ರ ಕಂಡದ್ದು.

ಮುಂದಿನ ಕಥೆಗೆ ಲೇಸರ್ ಬರಬೇಕಾಯಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಆರ್ಥರ್ ಆಶ್ಕಿನ್ ೧೯೭೦ರಲ್ಲಿ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿಸಣ್ಣ ಮಣಿಗಳ ಮೇಲೆ ಲೇಸರ್ ಕಿರಣವನ್ನು ಹಾಯಿಸಿದ. ಮಣಿಯ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಕ್ರುಕ್ಸನ ಪಾಠ ಅವನಿಗೆ ನೆನಪಿತ್ತು; ಆದ್ದರಿಂದ ಬೆಳಕನ್ನು ಹೀರಿ ಕಾಯದಂಥ, ಪಾರದರ್ಶಕವಾದ ಮಣಿಗಳನ್ನೇ ಆರಿಸಿಕೊಂಡಿದ್ದ. ಮಣಿಗಳು ಕಿರಣದ ದಿಕ್ಕಿನಲ್ಲಿ ಮುಂದಕ್ಕೆ ಸರಿದವು. ಅದು ಅವನು ನಿರೀಕ್ಷಿಸಿದ್ದೇ, ನಮ್ಮ ಕೋಲು. ಆದರೆ ಕಿರಣದ ಅಂಚಿನಲ್ಲಿದ್ದ ಮಣಿಗಳು ಪಕ್ಕಕ್ಕೆ ಚಲಿಸಿ, ಬೆಳಕು ಅತ್ಯಂತ ದಟ್ಟವಾಗಿರುವ ನಡುವಿಗೆ ಬಂದು ಸೇರಿಕೊಂಡವು. ಯಾರೋ ಹಗ್ಗ ಹಾಕಿ ಎಳೆದ ಹಾಗೆ. ಇದನ್ನು ಅವನು ನಿರೀಕ್ಷಿಸಿರಲಿಲ್ಲ.

ಇದು ಹೇಗೆಂಬುದನ್ನು ಹೊಳೆ ದಾಟಿಸುವ ದೋಣಿಯವನ ಉದಾಹರಣೆಯಿಂದ ಹೇಳಬಹುದು. ಅವನು ಬಿದಿರಿನ ಗಳುವನ್ನು ನೆಲಕ್ಕೂರಿ ಹಿಂದಕ್ಕೆ ಒತ್ತುತ್ತಾನೆ, ದೋಣಿ ಮುಂದಕ್ಕೆ ಹೋಗುತ್ತದೆ. ಎಡಕ್ಕೆ ಒತ್ತಿದರೆ ಬಲಕ್ಕೆ. ಗಾಜಿನ ಮಣಿಯೊಂದು ತನ್ನ ಮೂಲಕ ಹಾಯುವ ಬೆಳಕನ್ನು ಬಾಗಿಸುತ್ತದೆ; ಬಾಗಿಸುವುದೆಂದರೆ ಬೆಳಕನ್ನು ಒಂದು ಪಕ್ಕಕ್ಕೆ ಒತ್ತುವುದೇ. ಬೆಳಕು ಎಡಕ್ಕೆ ಬಾಗಿತೋ, ಮಣಿ ಬಲಕ್ಕೆ ಸರಿಯಬೇಕು. ಕಿರಣದ ನಡುಭಾಗ ದಟ್ಟ, ಅಂಚು ತೆಳು. ನಡುವಿನ ಕಡೆಯಿಂದ ಬಂದ ದಟ್ಟ ಬೆಳಕನ್ನು ಮಣಿ ಹೊರಕ್ಕೆ ಬಾಗಿಸಿದಾಗ ಮಣಿ ಒಳಕ್ಕೆ, ಅಂದರೆ ದಟ್ಟ ಬೆಳಕಿನ ಕಡೆಗೆ, ದೂಡಲ್ಪಡುತ್ತದೆ. ಸೂಕ್ಷ್ಮದರ್ಶಕದ ಮಸೂರದಿಂದ ಕಿರಣವನ್ನು ಒಂದೇ ಬಿಂದುವಿಗೆ ಬಿಗಿದು ತಂದರೆ ಮಣಿ ಆ ಬಿಂದುವಿನ ಬಳಿ ಎತ್ತಲೂ ಹೋಗಲಾರದೆ ನಿಲ್ಲುತ್ತದೆ. ಬಿಂದುವನ್ನು ಸರಿಸಿದರೆ ಮಣಿಯೂ ಹಿಂದೆಯೇ ಬರುತ್ತದೆ. ೧೯೮೬ರಲ್ಲಿ ಆಶ್ಕಿನ್ ಮತ್ತು ಸಂಗಡಿಗರು ಒಂದೇ ಕಿರಣದಿಂದ ಇದನ್ನು ಸಾಧಿಸಿದರು.

ಇಂಗ್ಲಿಷಿನಲ್ಲಿ ಇದಕ್ಕೆ ಆಪ್ಟಿಕಲ್ ಟ್ವೀಜರ್ಸ್ ಎಂದು ಹೆಸರು. ಕನ್ನಡದಲ್ಲಿ ಬೆಳಕಿನ ಚಿಮಟ ಎನ್ನಬಹುದು. ನಾನು ಇಕ್ಕಳ ಎನ್ನುತ್ತೇನೆ, ಕಾರಣವಿದೆ. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಕೈ ಸುಡದಂತೆ ಹಿಡಿದೆತ್ತುವುದು ಇಕ್ಕಳ. ಇಲ್ಲಿ ಬಿಸಿಯಿರುವುದು ಇಕ್ಕಳದಲ್ಲಿಯೇ; ಸುಡದಂತೆ ಕಾಯಬೇಕಾದದ್ದು ಪಾತ್ರೆಯನ್ನು.

ಈ ಕಾಯುವ ಕೆಲಸ ಎಷ್ಟು ನಾಜೂಕಿನದೆಂಬುದು ಮರುವರ್ಷವೇ ತಿಳಿಯಿತು. ಆಶ್ಕಿನ್ ತಂಬಾಕು ಗಿಡದ ವೈರಸ್ಸನ್ನು ಹಿಡಿಯುತ್ತಿದ್ದಾಗ, ಹಲವು ದಿನ ಇಟ್ಟಿದ್ದ ದ್ರವದಲ್ಲಿ ತಾವಾಗಿಯೇ ಓಡಾಡುವ ವಿಚಿತ್ರ ಕಣಗಳು ಕಾಣಿಸಿಕೊಂಡವು. ಅವು ಬ್ಯಾಕ್ಟೀರಿಯಾಗಳು. ಹಸಿರು ಲೇಸರಿನ ಬಿಂದುವಿನಲ್ಲಿ ಅವು ಸಿಕ್ಕಿಬಿದ್ದವು, ಒದ್ದಾಡಿದವು, ಬೆಳಕಿನ ಬಲ ಹೆಚ್ಚಿಸಿದಾಗ ಸತ್ತವು. ಜೀವವಿರುವುದನ್ನು ಹಿಡಿಯಬಹುದೆಂದೂ ಹಿಡಿದರೆ ಸಾಯುತ್ತದೆಂದೂ ಒಟ್ಟಿಗೇ ಗೊತ್ತಾಯಿತು. ಆಶ್ಕಿನ್ ಅಲ್ಲಿಗೇ ಬಿಡಲಿಲ್ಲ. ಹಸಿರನ್ನು ತೊರೆದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಬದಲಾಯಿಸಿದ. ಜೀವಕೋಶದ ಬಣ್ಣದ ವಸ್ತುಗಳು ಹಸಿರನ್ನು ಆತುರದಿಂದ ಹೀರುತ್ತವೆ. ಕೆಂಪಿನಾಚೆಯ ಆ ಬೆಳಕನ್ನು ಅವೂ ನೀರೂ ಹೆಚ್ಚಾಗಿ ಮುಟ್ಟದೆ ಬಿಟ್ಟುಬಿಡುತ್ತವೆ. ಈ ಸಲ ಬ್ಯಾಕ್ಟೀರಿಯಾಗಳೂ ಯೀಸ್ಟ್ ಕೋಶಗಳೂ ಇಕ್ಕಳದಲ್ಲಿ ಬದುಕಿದ್ದಷ್ಟೇ ಅಲ್ಲ, ಸಿಕ್ಕಿಕೊಂಡಲ್ಲಿಯೇ ಸಂತಾನವನ್ನೂ ಬೆಳೆಸಿದವು. ಆಶ್ಕಿನ್‌ಗೆ ನೊಬೆಲ್ ಪ್ರಶಸ್ತಿ ಬಂದದ್ದು ೨೦೧೮ರಲ್ಲಿ, ಅವನ ೯೬ನೆಯ ವಯಸ್ಸಿನಲ್ಲಿ. ಸುದ್ದಿ ಬಂದಾಗ ಆ ಮುದುಕ ಸೂರ್ಯಶಕ್ತಿಯ ಬಗೆಗೆ ಹೊಸ ಲೇಖನ ಬರೆಯುವುದರಲ್ಲಿ ಮುಳುಗಿದ್ದನಂತೆ, ಸಂದರ್ಶನಕ್ಕೆ ಬಿಡುವಿಲ್ಲವೆಂದನಂತೆ. ೨೦೨೦ರಲ್ಲಿ ಅವನು ತೀರಿಕೊಂಡ.

ಬಣ್ಣ ಬದಲಿಸಿದ ಮಾತ್ರಕ್ಕೆ ಬಿಸಿಯ ಭಯ ಕಳೆಯಿತೆಂದು ತಿಳಿಯಬಾರದು. ಐದು ಮಿಲಿವಾಟ್ ಎಂದರೆ ಪುಟ್ಟ ಟಾರ್ಚಿನ ಬೆಳಕಿಗೂ ಕಡಿಮೆ. ಆದರೆ ಅದನ್ನು ಒಂದು ಚದರ ಮೈಕ್ರೊಮೀಟರಿನ ಚುಕ್ಕೆಗೆ ಒತ್ತರಿಸಿದರೆ ಆ ಚುಕ್ಕೆಯಲ್ಲಿ ಬೆಳಕಿನ ದಟ್ಟಣೆ ನಡುಹಗಲಿನ ಬಿಸಿಲಿನ ೫೦ ಲಕ್ಷ ಪಟ್ಟಾಗುತ್ತದೆ. ಇಷ್ಟು ಬೆಳಕಿನ ನಡುವೆ ಒಂದು ಜೀವಕೋಶವನ್ನು ನಿಲ್ಲಿಸಿ, ನೀನು ಸಹಜವಾಗಿರು, ನಿನ್ನನ್ನು ನೋಡಬೇಕಾಗಿದೆ ಎನ್ನುತ್ತೇವೆ!

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಬಿಸಿಯನ್ನು ದೂರವಿಡಬೇಕೆಂದವರು ಕೆಲವರು. ದೂರವಿಡಲಾಗದಿದ್ದರೆ ಅದನ್ನೇ ಕೆಲಸಕ್ಕೆ ಹಚ್ಚೋಣವೆಂದವರು ಇನ್ನು ಕೆಲವರು. ಎರಡನೆಯವರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ.

ಚಿಮಿಣಿ ದೀಪವಿಟ್ಟ ಗೂಡಿನ ಗೋಡೆಗೆ ಮಸಿ ಹತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಬಿಸಿ ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಬಿಸಿಯಿಂದ ತಂಪಿನ ಕಡೆಗೆ ಸರಿಯುವ ಸ್ವಭಾವದವು. ಆ ಮಸಿಯಲ್ಲಿ ಈ ಸ್ವಭಾವದ ಪಾಲೂ ಇದೆ. ಕಾದ ವಸ್ತುವಿನ ಸುತ್ತ ಧೂಳಿಲ್ಲದ ತೆರವೊಂದು ಏರ್ಪಡುವುದನ್ನು ಟಿಂಡಲ್ ೧೮೭೦ರಲ್ಲಿಯೇ ಗಮನಿಸಿದ್ದ. ದ್ರವಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಕೊಳವೆಯ ಒಂದು ತುದಿ ಬಿಸಿ, ಇನ್ನೊಂದು ತಂಪಾಗಿದ್ದರೆ ಅದರೊಳಗಿನ ಉಪ್ಪುನೀರಿನ ಉಪ್ಪು ತಂಪು ತುದಿಯತ್ತ ಹೆಚ್ಚಾಗಿ ಸೇರುವುದನ್ನು ಸೋರೆ ಎಂಬಾತ ೧೮೭೯ರಲ್ಲಿ ತೋರಿಸಿದ. ಹಾಗಿದ್ದರೆ ಕಾದ ಚುಕ್ಕೆಯೊಂದು ಕಣಗಳನ್ನು ಅಟ್ಟೀತೇ ಹೊರತು ಹಿಡಿದೀತೆ? ಇದಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ಯುಬಿಂಗ್ ಜೆಂಗ್ ಮತ್ತು ಅವರ ಸಂಗಡಿಗರು ೨೦೨೩ರಲ್ಲಿ ಒಂದು ಚಮತ್ಕಾರದ ಉತ್ತರ ಕೊಟ್ಟರು. ಕಣವಿರುವ ನೀರನ್ನೆಲ್ಲ ಮೊದಲು ಚೆನ್ನಾಗಿ ತಣಿಸಿ, ಆಮೇಲೆ ಒಂದು ಚುಕ್ಕೆಯನ್ನು ಮಾತ್ರ ಬೆಳಕಿನಿಂದ ತುಸು ಬೆಚ್ಚಗೆ ಮಾಡಿದರು. ಅಷ್ಟು ತಂಪಿನಲ್ಲಿ ಕಣಗಳ ಸ್ವಭಾವ ತಿರುಗಿ, ಅವು ಬೆಚ್ಚನೆಯ ಕಡೆಗೆ ಸೆಳೆಯಲ್ಪಡುತ್ತವೆ. ಮಾಗಿಯ ಬೆಳಗಿನಲ್ಲಿ ಚಳಿ ಕಾಯಿಸುವ ಬೆಂಕಿಯ ಸುತ್ತ ಜನ ಕೂಡುವಂತೆ! ಸುತ್ತಲೂ ತಂಪಿರುವುದರಿಂದ ಚುಕ್ಕೆಯ ಬಿಸಿ ಜೀವಕೋಶವನ್ನು ಸುಡುವ ಮಟ್ಟಕ್ಕೆ ಏರುವುದಿಲ್ಲ. ಬೆಳಕೂ ಬಹಳ ಕಡಿಮೆ ಸಾಕಾಗುತ್ತದೆ. ಬಿಸಿಯಿಂದ ಹಿಡಿದು, ತಂಪಿನಿಂದ ಕಾದುಕೊಳ್ಳುವ ಉಪಾಯ. ಇದಕ್ಕಿಂತ ಜಾಣ ಯೋಚನೆಯನ್ನು ಈ ವಿಷಯದಲ್ಲಿ ನಾನು ಬೇರೆ ಕಂಡಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ಬಳಗ ೨೦೧೮ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಬಗೆಯದು. ಇಕ್ಕಳವನ್ನು ದೂರದ ಮಸೂರದಲ್ಲಿಡದೆ ಅವರು ಅದನ್ನು ನೀರಿನೊಳಗೇ ಇಳಿಸಿಬಿಟ್ಟರು. ತಿರುಪುಮೊಳೆಯ ಆಕಾರದ ಗಾಜಿನ ಅತಿಸಣ್ಣ ತುಣುಕು, ಅದರ ಮೈಗೆ ಬೆಳ್ಳಿಯ ಮತ್ತು ಕಾಂತಕ್ಕೆ ಒಲಿಯುವ ಲೋಹದ ಲೇಪ. ಹೊರಗಿನಿಂದ ಕಾಂತಕ್ಷೇತ್ರವನ್ನು ತಿರುಗಿಸಿದರೆ ಅದು ಮರದಲ್ಲಿ ಇಳಿಯುವ ತಿರುಪಿನಂತೆ ನೀರಿನಲ್ಲಿ ಈಜುತ್ತ ಬೇಕಾದಲ್ಲಿಗೆ ಹೋಗುತ್ತದೆ. ಬೆಳಕು ಚೆಲ್ಲಿದಾಗ ಬೆಳ್ಳಿಯ ಚುಕ್ಕೆಗಳ ಸುತ್ತ ಆ ಬೆಳಕು ಒತ್ತಾಗಿ ಕಟ್ಟಿ, ಹತ್ತಿರದ ಸಣ್ಣ ಕಣವನ್ನೋ ಬ್ಯಾಕ್ಟೀರಿಯವನ್ನೋ ಸೆಳೆದು ಹಿಡಿಯುತ್ತದೆ. ಹೊತ್ತು ತಂದು ಬೇರೆಡೆ ಇಳಿಸಲೂ ಬರುತ್ತದೆ.

ಇಷ್ಟು ಹೇಳಿ ಊರಿನ ಹತ್ತಿರಕ್ಕೆ ಬರುತ್ತೇನೆ. ಎರ್ಮಾಳು, ಉಚ್ಚಿಲ, ಪಡುಬಿದ್ರಿಗಳಲ್ಲಿ ಮಣಿಪಾಲಕ್ಕೆ ಹೋಗಿದ್ದೆವೆಂದು ಯಾರಾದರೂ ಹೇಳಿದರೆ, ಯಾರಿಗೆ ಹುಷಾರಿಲ್ಲವೆಂದು ಕೇಳುವುದು ರೂಢಿ. ನಮಗೆ ಮಣಿಪಾಲವೆಂದರೆ ಆಸ್ಪತ್ರೆ. ರಕ್ತ ಪರೀಕ್ಷೆಯ ಸಾಲಿನಲ್ಲಿ ತೋಳು ಚಾಚಿ ಕೂತ ಮನೆಮಂದಿಯೊಡನೆ ನಾನೂ ಎಷ್ಟೋ ಬೆಳಗುಗಳನ್ನು ಕಳೆದಿದ್ದೇನೆ. ಅಲ್ಲಿ ಕೊಡುವ ಚೀಟಿಯಲ್ಲಿ ಬರೆದಿರುವುದು ಲೆಕ್ಕಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಷ್ಟು ಲಕ್ಷ ಕೆಂಪು ಕಣ, ಇಷ್ಟು ಸಾವಿರ ಬಿಳಿ ಕಣ. ಜನಗಣತಿಯ ಹಾಗೆ. ಒಂದೊಂದೇ ಕಣವನ್ನು ಕರೆದು ನಿನ್ನ ಯೋಗಕ್ಷೇಮವೇನೆಂದು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಉಪಕರಣವೂ ಇಲ್ಲ.

ಅದನ್ನು ಕೇಳುವ ಕೆಲಸ ಅದೇ ಮಣಿಪಾಲದಲ್ಲಿ, ಪರಮಾಣು ಮತ್ತು ಅಣು ಭೌತವಿಜ್ಞಾನ ವಿಭಾಗದಲ್ಲಿ ನಡೆದಿದೆ. ಸಂತೋಷ್ ಚಿದಂಗಿಲ್, ದೀಪಕ್ ಮಾಥುರ್ ಮತ್ತು ಅವರ ಸಹೋದ್ಯೋಗಿಗಳು ೨೦೧೦ರಲ್ಲಿ ಜೀವಂತವಾದ ಒಂಟಿ ಕೆಂಪು ರಕ್ತಕಣವನ್ನೂ ಬಿಳಿಯ ಕಣವನ್ನೂ ಬೆಳಕಿನ ಇಕ್ಕಳದಲ್ಲಿ ಹಿಡಿದು ಅವುಗಳ ರಾಮನ್ ವರ್ಣಪಟಲವನ್ನು ಪಡೆದ ಸಂಗತಿಯನ್ನು ಪ್ರಕಟಿಸಿದರು. ಇದರಲ್ಲಿ ಎರಡು ವಂಶಗಳು ಕೂಡಿವೆ. ಹಿಡಿಯುವ ಕೈ ಆಶ್ಕಿನ್‌ನದು. ಕೇಳುವ ಕಿವಿ ನಮ್ಮ ಚಂದ್ರಶೇಖರ ವೆಂಕಟರಾಮನ್ನರದು. ವಸ್ತುವಿನಿಂದ ಚದುರಿದ ಬೆಳಕಿನ ತೀರ ಸಣ್ಣದೊಂದು ಅಂಶ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ, ಆ ಬದಲಾವಣೆ ವಸ್ತುವಿನ ಅಣುಗಳ ಗುರುತು ಹೇಳುತ್ತದೆ ಎಂಬುದು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ರಾಮನ್ ಕಂಡುಕೊಂಡದ್ದು. ಬಾಳಿನ ಉತ್ತರಾರ್ಧವನ್ನು ಬೆಂಗಳೂರಿನಲ್ಲಿ ಕಳೆದ ಅವರು ೧೯೭೦ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಆಶ್ಕಿನ್‌ನ ಮೊದಲ ಲೇಖನ ಬಂದದ್ದು ಅದೇ ವರ್ಷದ ಜನವರಿಯಲ್ಲಿ. ಇಬ್ಬರ ವಿದ್ಯೆಗಳೂ ಒಂದೇ ಸೂಕ್ಷ್ಮದರ್ಶಕದಡಿಯಲ್ಲಿ, ಒಂದೇ ಕಿರಣದಲ್ಲಿ ಸೇರಲು ಇನ್ನೂ ಕಾಲ ಬೇಕಾಯಿತು.

ಕೆಂಪು ರಕ್ತಕಣ ಏಳೆಂಟು ಮೈಕ್ರೊಮೀಟರ್ ಅಗಲದ ತಟ್ಟೆ, ನಡುವೆ ತುಸು ತಗ್ಗು. ಒಂದು ಮಿಲಿಮೀಟರಿನಲ್ಲಿ ನೂರಮೂವತ್ತರಷ್ಟನ್ನು ಸಾಲಾಗಿ ಇಡಬಹುದು. ಗಾಜಿನ ಮೇಲೆ ಅದು ತಟ್ಟೆಯ ಹಾಗೆಯೇ ಅಂಗಾತ ಮಲಗಿರುತ್ತದೆ. ಬೆಳಕಿನ ಬಿಂದು ಅದನ್ನು ಹಿಡಿದ ಕೂಡಲೆ ಎದ್ದು ಅಂಚಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕಿರಣದ ಉದ್ದಕ್ಕೆ ತನ್ನ ಮೈಯನ್ನು ಹೊಂದಿಸಿಕೊಳ್ಳುತ್ತದೆ. ಇಕ್ಕಳವಿಲ್ಲದಿದ್ದ ಕಾಲದಲ್ಲಿ ಕಣ ತೇಲಿಹೋಗದಿರಲೆಂದು ಗಾಜಿಗೆ ಅಂಟು ಬಳಿದು ಕೂರಿಸುತ್ತಿದ್ದರು. ಅಂಟಿದ ಕಣ ತನ್ನ ಸಹಜ ಆಕಾರವನ್ನು ಬಿಟ್ಟಿರುತ್ತದೆ. ಅದು ಹೇಳಿದ ಮಾತಿನಲ್ಲಿ ತನ್ನದೆಷ್ಟು, ಅಂಟಿನದೆಷ್ಟು? ಮಣಿಪಾಲದವರು ಬಳಸಿದ ಬೆಳಕಿನ ಅಲೆಯುದ್ದ ೭೮೫ ನ್ಯಾನೊಮೀಟರ್, ಕೆಂಪು ಮುಗಿದು ಅವಕೆಂಪು ತೊಡಗುವ ಹೊಸ್ತಿಲು. ರಕ್ತಕ್ಕೆ ಬಣ್ಣ ಕೊಡುವ ಹಿಮೊಗ್ಲೋಬಿನ್ ಹಸಿರು ನೀಲಿಗಳನ್ನು ಗಟಗಟನೆ ಕುಡಿಯುತ್ತದೆ, ಈ ಬೆಳಕನ್ನು ಬಹುಪಾಲು ಹಾಗೆಯೇ ದಾಟಲು ಬಿಡುತ್ತದೆ. ಅದರಿಂದಾಗಿ ಕಣ ಕಾಯುವುದು ಕಡಿಮೆ. ದಾಟಿ ಚದುರಿದ ಬೆಳಕಿನ ಗೆರೆಗಳನ್ನು ಓದಿ, ಈ ಕಣದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹೊತ್ತಿದೆಯೇ ಇಳಿಸಿದೆಯೇ ಎಂದು ಹೇಳಲು ಬರುತ್ತದೆ.

ಕಡಿಮೆ ಎಂದೆ, ಇಲ್ಲವೆನ್ನಲಿಲ್ಲ. ಬೆಳಕಿನ ಬಲವನ್ನು ಏರಿಸಿದರೆ, ಅಥವಾ ಹಿಡಿದದ್ದನ್ನು ಬಹಳ ಹೊತ್ತು ಬಿಡದೆ ಹೋದರೆ, ಹಿಮೊಗ್ಲೋಬಿನ್ ಕೆಡಲು ಮೊದಲಾಗುತ್ತದೆ; ಅಣುಗಳು ಒಂದಕ್ಕೊಂದು ಮುದ್ದೆಗಟ್ಟುತ್ತವೆ. ಹಾಲು ಒಡೆದಂತೆ ಎನ್ನಿ. ವಿಶೇಷವೆಂದರೆ ಈ ಕೇಡೂ ಆ ವರ್ಣಪಟಲದಲ್ಲಿಯೇ ಹೊಸ ಗೆರೆಗಳಾಗಿ ಮೂಡುತ್ತದೆ. ಕಣ ತನಗೆ ನೋವಾಗುತ್ತಿದೆ ಎಂಬುದನ್ನು ನೋಯಿಸುವ ಬೆಳಕಿನ ಮೂಲಕವೇ ತಿಳಿಸುತ್ತದೆ. ಅದನ್ನು ಗುರುತಿಸದವನು ಕೇಡನ್ನೇ ರೋಗದ ಲಕ್ಷಣವೆಂದು ಬರೆದುಕೊಂಡಾನು. ಕ್ರುಕ್ಸನ ಗಿರಿಗಿಟ್ಟೆಯಲ್ಲಿ ಬಿಸಿ ಬೆಳಕಿನ ವೇಷ ಹಾಕಿತ್ತು. ಇಲ್ಲಿ ಅದು ಕಾಯಿಲೆಯ ವೇಷವನ್ನೂ ಹಾಕಬಲ್ಲುದು. ಆದ್ದರಿಂದ ಇಂಥ ಪ್ರಯೋಗ ಮಾಡುವವರ ಮೊದಲ ಕೆಲಸ, ಎಷ್ಟು ಬೆಳಕು, ಎಷ್ಟು ಸೆಕೆಂಡು, ಎಂದು ಗಡಿ ಗೊತ್ತುಮಾಡಿಕೊಳ್ಳುವುದು. ಕೇಳುವುದಕ್ಕೆ ಇದು ಸಣ್ಣ ವಿಷಯ. ನನಗೆ ಮಾತ್ರ ಇಡೀ ವಿದ್ಯೆಯ ಮರ್ಯಾದೆ ಇಲ್ಲಿಯೇ ಇದೆ ಎನ್ನಿಸುತ್ತದೆ.

ಇದೇ ವಿಭಾಗದವರು ಮುಂದೆ, ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವ ಲವಣಜಲ ಮೊದಲಾದ ದ್ರವಗಳಲ್ಲಿ ಒಂಟಿ ಕೆಂಪು ಕಣಕ್ಕೆ ಏನಾಗುತ್ತದೆ ಎಂಬುದನ್ನೂ ಹೀಗೆಯೇ ಹಿಡಿದು ನೋಡಿದ್ದಾರೆ. ಹಾಸಿಗೆಯ ಪಕ್ಕದ ಕಂಬಕ್ಕೆ ಬಾಟಲಿ ತೂಗುಹಾಕಿ, ತೊಟ್ಟಿಕ್ಕುವ ಹನಿಗಳನ್ನು ಎಣಿಸುತ್ತ ರಾತ್ರಿ ಕಳೆದವರು ನಮ್ಮಲ್ಲಿ ಎಷ್ಟು ಮಂದಿ! ಆ ಹನಿ ಒಳಗೆ ಸೇರಿದಮೇಲೆ ಅದನ್ನು ಮೊದಲು ಎದುರುಗೊಳ್ಳುವ ಕಣದ ಕಡೆಯಿಂದ ಆ ಪ್ರಶ್ನೆಯನ್ನು ಕೇಳಬಹುದೆಂಬುದು ನಮಗೆ ಹೊಳೆದಿರಲಿಲ್ಲ. ಇದು ಇನ್ನೂ ರೋಗಿಯ ಚೀಟಿಗೆ ಇಳಿದುಬಂದ ಪರೀಕ್ಷೆಯಲ್ಲ. ಒಂದೊಂದೇ ಕಣವನ್ನು ಹಿಡಿದು ಕೇಳುತ್ತ ಕೂತರೆ ಒಬ್ಬನ ಒಂದು ತೊಟ್ಟು ರಕ್ತಕ್ಕೇ ಯುಗ ಕಳೆದೀತು. ರೋಗಿಗಳ ಸಾಲು ಉಡುಪಿಯವರೆಗೆ ಬೆಳೆದೀತು.

ಪರೀಕ್ಷೆ ಮುಗಿದಾಗ ಕಿರಣಕ್ಕೆ ಅಡ್ಡವಾಗಿ ಒಂದು ತಗಡು ಬೀಳುತ್ತದೆ. ಬಲೆಯನ್ನು ಬಿಡಿಸಬೇಕಾದ್ದಿಲ್ಲ, ಅಂಟನ್ನು ತೊಳೆಯಬೇಕಾದ್ದಿಲ್ಲ. ನೆಟ್ಟಗೆ ನಿಂತಿದ್ದ ಕಣ ನಿಧಾನವಾಗಿ ವಾಲಿ ಅಂಗಾತವಾಗುತ್ತದೆ, ಸುತ್ತಲಿನ ಕಣಗಳ ನಡುವೆ ತುಸು ತೇಲುತ್ತದೆ. ಕಣ್ಣು ಮಿಟುಕಿಸಿ ಮತ್ತೆ ನೋಡುವಷ್ಟರಲ್ಲಿ ಇಷ್ಟು ಹೊತ್ತು ಮಾತಾಡಿದ್ದು ಅವುಗಳಲ್ಲಿ ಯಾವುದು ಎಂದು ಹೇಳಲಾಗುವುದಿಲ್ಲ.